ವಿಸ್ಟರ್ ಅಂದ್ರ ವಿಸ್ಟರ್ ಅಲ್ಲೇನ್ರಿ?

ಬೆಳಗಾವಿಯಲ್ಲಿ ಫಾರ್ಮಕಾಲಜಿ ಪಾಠ ಮಾಡುವ ನನಗೆ ಪ್ರತಿ ವರ್ಷ ಎಂ.ಫಾರ್ಮ್ ಮಕ್ಕಳ ಥೀಸಿಸ್ ಓದುವ ಕೆಲಸ. ಡೋಸ್, ದಿನ, ತೂಕ ಎಲ್ಲ ಅಚ್ಚುಕಟ್ಟಾಗಿ ಬರೆದಿರುತ್ತಾರೆ. ಪ್ರಯೋಗಕ್ಕೆ ಬಳಸಿದ ವಿಸ್ಟರ್ ತಳಿಯ ಇಲಿ ಎಲ್ಲಿಂದ ತಂದ್ರಿ ಎಂದು ಕೇಳಿದರೆ ಮಾತ್ರ ಮಿಕಿಮಿಕಿ ನೋಡುತ್ತಾರೆ. "ವಿಸ್ಟರ್ ಅಂದ್ರ ವಿಸ್ಟರ್ ಅಲ್ಲೇನ್ರಿ ಮೇಡಂ?"

ಅಲ್ಲಪ್ಪಾ. ಅಮೀನಗಡದ ಕರದಂಟು ತಿಂದು ಬೆಳೆದವರಿಗೆ ಗೋಕಾಕದ್ದು ಕೊಟ್ಟು "ಎರಡೂ ಒಂದೇ" ಅಂದರೆ ಒಪ್ತಾರಾ?

ಒಬ್ಬ ಹುಡುಗ ಒಂದು ಎಲೆಯ ಸಾರ ಆತಂಕ ಕಡಿಮೆ ಮಾಡುತ್ತದೆಯಾ ಎಂದು ನೋಡುತ್ತಿದ್ದ. ಪ್ಲಸ್ ಮೇಝ್ ಅಂದರೆ ಎತ್ತರದಲ್ಲಿಟ್ಟ ಪ್ಲಸ್ ಆಕಾರದ ಹಲಗೆ, ಎರಡು ಕೈಗೆ ಗೋಡೆ, ಎರಡು ಬಯಲು. ಅದರಲ್ಲಿ ಇಲಿ ಬಿಟ್ಟು ಐದು ನಿಮಿಷ ನೋಡುವುದು. ಹೆದರಿದ ಇಲಿ ಗೋಡೆಯಿರುವ ಕೈಯಲ್ಲೇ ಕೂರುತ್ತದೆ, ಧೈರ್ಯ ಇದ್ದದ್ದು ಬಯಲಿಗೆ ಬರುತ್ತದೆ. ಬರೀ ಉಪ್ಪುನೀರು ಕೊಡುವ ಸಲೈನ್ ಗುಂಪಿಗೆ, ಆತಂಕ ಇಳಿಸುವ ಮಾತ್ರೆ ಡಯಾಜೆಪಾಮ್ ಕೊಡುವ ಗುಂಪಿಗೆ ಕಾಲೇಜಿನ ಇಲಿಗಳು ಸಾಕಾದವು. ಸಾರದ ಗುಂಪಿಗೆ ಬೇಕಾದ ಹನ್ನೆರಡೂ ಕಡಿಮೆ ಬಿದ್ದವು. ಹೊರಗಿನಿಂದ ತರಿಸಿದ. ರಾತ್ರಿಯಿಡೀ ಗಾಡಿಯಲ್ಲಿ ಬಂದವು. ಒಂದು ವಾರ ಬಿಟ್ಟು ಸಾರ ಕೊಟ್ಟು ಮೇಝ್‌ಗೆ ಹಾಕಿದರೆ, ಮೂಲೆಗೆ ಬೆನ್ನು ಒತ್ತಿ ಕೂತವು ಏಳಲೇ ಇಲ್ಲ. ಕೆಳಗೆ ಹಿಕ್ಕೆ ರಾಶಿ. "ಸಾರ ಆತಂಕ ಹೆಚ್ಚಿಸುತ್ತದೆ" ಎಂದು ಬರೆದುಕೊಂಡು ಬಂದ.

ಇರಬಹುದು. ಇಲ್ಲದೆಯೂ ಇರಬಹುದು. ಅದು ಸಾರದ ಕೆಲಸವೋ ಇಲಿಯ ಸ್ವಭಾವವೋ ಎಂದು ಬೇರ್ಪಡಿಸಲು ದಾರಿಯೇ ಇರಲಿಲ್ಲ, ಅದೇ ತಕರಾರು. ನಮ್ಮ ಅನಿಮಲ್ ಹೌಸ್ ಕಾಕಾ ಮೊದಲ ದಿನವೇ ಹೇಳಿದ್ದರು: "ಇವು ನಮ್ಮ ಮನಿ ಹುಡುಗ್ರು, ಅವು ಹಾಸ್ಟೆಲ್‌ಗೆ ಹೊಸದಾಗಿ ಬಂದಾವ್ರಿ." ಯಾರು ಕೇಳಿದರು?

ವಿಸ್ಟರ್ ಎಂಬುದು ಒಂದೇ ಅಚ್ಚಿನ ಇಲಿ ಅಲ್ಲ. ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯಿಂದ ಹೊರಟ ಹಿಂಡು ಊರೂರಿಗೆ ಹಂಚಿಹೋಗಿ, ಆಯಾ ಕಡೆ ತಮ್ಮೊಳಗೇ ತಲೆಮಾರು ಬೆಳೆಸಿಕೊಂಡಿದೆ. ಒಳಸಂಬಂಧದಲ್ಲೇ ಬೆಳೆಸಿದ ತಳಿಗಳೂ ಹೀಗೆ ದಾರಿ ತಪ್ಪುತ್ತವೆ. ಸಿ57ಬಿಎಲ್/6 ಎಂಬ ಕಪ್ಪು ಸುಂಡಿಲಿ 1951ರಲ್ಲಿ ಜೆ ಮತ್ತು ಎನ್ ಎಂದು ಕವಲೊಡೆಯಿತು. ಎನ್ ಕವಲಿಗೆ ಕೊಕೇನ್ ಕೊಟ್ಟರೆ ಜೆಯಷ್ಟು ಓಡಾಡುವುದಿಲ್ಲ. ಸೈಫಿಪ್2 ಎಂಬ ಒಂದೇ ಜೀನ್‌ನ ಸಣ್ಣ ಬದಲಾವಣೆ ಇದಕ್ಕೆ ಕಾರಣ ಎಂದು 2013ರಲ್ಲಿ ಗೊತ್ತಾಯಿತು. ಇದೇ ತಳಿಯ ಇನ್ನೊಂದು ಕವಲಿನಲ್ಲಿ, ಪಾರ್ಕಿನ್ಸನ್ ಕಾಯಿಲೆಯ ಸಂಶೋಧಕರು ತಲೆ ಕೆಡಿಸಿಕೊಳ್ಳುವ ಆಲ್ಫಾ ಸಿನ್ಯೂಕ್ಲಿನ್ ಜೀನ್ ಪೂರ್ತಿ ನಾಪತ್ತೆ! ಹೊಟ್ಟೆಯ ಬ್ಯಾಕ್ಟೀರಿಯಾ, ಸಾಕುವವರ ಕೈ, ಪ್ರಯಾಣದ ಸುಸ್ತು ಬೇರೆ.

ಹಾಗಂತ ಹೊರಗಿನ ಇಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಲ್ಲ ಪ್ರಯೋಗದಲ್ಲೂ ಇಷ್ಟೇ ವ್ಯತ್ಯಾಸ ಬರುತ್ತದೆ ಎಂದೂ ಅಲ್ಲ. ಎರಡು ಕಡೆಯಿಂದ ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಕಡೆಯವನ್ನೆಲ್ಲ ಒಂದೇ ಗುಂಪಿಗೆ ಸುರಿಯಬೇಡಿ. ಸಲೈನ್‌ಗೆ ಆರು ಬೇಕಾ? ಮೂರು ನಮ್ಮವು, ಮೂರು ಅವು. ಡಯಾಜೆಪಾಮ್‌ಗೂ ಹಾಗೇ, ಸಾರಕ್ಕೂ ಹಾಗೇ. ಯಾವ ಇಲಿ ಎಲ್ಲಿಯದು ಎಂದು ಪಂಜರದ ಚೀಟಿಯಲ್ಲಿ ಬರೆಯಿರಿ, ಲೆಕ್ಕದಲ್ಲೂ ಸೇರಿಸಿ. ಸಾಧ್ಯವಾದರೆ ಒಂದೇ ಕಡೆಯಿಂದ, ಒಂದೇ ಸಲ ತರಿಸಿ. ಸುಮ್ನೆ ತಲೆನೋವು ಯಾಕೆ?

ಆ ಹುಡುಗ ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ ಹಾಕಿದ. ಮೂರು ತಿಂಗಳು ಹೋಯಿತು. ಈಗ ಇಲಿ ಬಂದ ಚಲನ್ ರೆಕಾರ್ಡ್ ಬುಕ್ಕಿನ ಮೊದಲ ಪುಟಕ್ಕೇ ಅಂಟಿಸಿದ್ದಾನೆ. ಕಾಕಾನ ಸಹಿಯೂ ಇದೆ.