ಹಿರಣ್ಯಕಶಿಪುವಿನ ಒಡ್ಡೋಲಗ

ಕಳೆದ ಮಾರ್ಚಿನಲ್ಲಿ ಬ್ರಹ್ಮಾವರದ ಹತ್ತಿರ, ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಹರಕೆ ಬಯಲಾಟ. ಪ್ರಸಂಗ ಪ್ರಹ್ಲಾದ ಚರಿತ್ರೆ. ರಾತ್ರಿ ಒಂದು ಗಂಟೆ ದಾಟಿತ್ತು. ಚರುಮುರಿಯವನ ಬಲ್ಬಿನಡಿ ನಾಲ್ಕು ಜನ, ಎದುರಿನ ಚಾಪೆಗಳ ಮೇಲೆ ಮಕ್ಕಳೆಲ್ಲ ನಿದ್ದೆಗೆ ಬಿದ್ದಿದ್ದವು. ಚೆಂಡೆಯ ಅಬ್ಬರದ ನಡುವೆ ಹಿರಣ್ಯಕಶಿಪು ಆಜ್ಞೆ ಹೊರಡಿಸಿದ: ಇನ್ನು ಯಾರ ಬಾಯಲ್ಲೂ ನಾರಾಯಣನ ಹೆಸರು ಬರಕೂಡದು, ಜಪ ಮಾಡುವುದಿದ್ದರೆ ನನ್ನ ಹೆಸರನ್ನೇ ಮಾಡಿ. ಎದುರು ನಿಂತ ಬಲಗಳು, ಅಂದರೆ ರಾಜನ ಪರಿವಾರದ ವೇಷಗಳು, ತಲೆಯಾಡಿಸಿದವು. ನನ್ನ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿ ಅಂದರು: "ತಲೆ ಎಲ್ಲರದ್ದೂ ಆಡ್ತದೆ ಮಾರಾಯ್ರೆ, ಮನಸ್ಸಲ್ಲಿ ಎಂತ ಉಂಟೋ ಯಾರಿಗೆ ಗೊತ್ತು?"

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವವನು. ಸರ್ವಂಕಷ ಪ್ರಭುತ್ವದ, ಇಂಗ್ಲಿಷಿನಲ್ಲಿ 'ಟೋಟಲಿಟೇರಿಯನ್' ಅನ್ನುವ ಆಳ್ವಿಕೆಯ, ಪಾಠ ಮಾಡುವಾಗಲೆಲ್ಲ ಈಗ ಆ ಅಜ್ಜಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಾಮಾನ್ಯ ಸರ್ವಾಧಿಕಾರಿಗೆ ನೀವು ಸುಮ್ಮನಿದ್ದರೆ ಸಾಕು. ಹಿರಣ್ಯಕಶಿಪುವಿಗೆ ಅದು ಸಾಲದು, ನಾಲಿಗೆಯೂ ಬೇಕು, ಅದರ ಹಿಂದಿನ ಮನಸ್ಸೂ ಬೇಕು. ಇಟಲಿಯಲ್ಲಿ 1923ರಲ್ಲಿ ವಿರೋಧಿ ರಾಜಕಾರಣಿ ಜೊವಾನ್ನಿ ಅಮೆಂಡೋಲಾ ಸರ್ವಾಧಿಕಾರಿ ಮುಸೊಲಿನಿಯನ್ನು ಟೀಕಿಸಲು ಬಳಸಿದ ಪದದಿಂದಲೇ 'ಟೋಟಲಿಟೇರಿಯನ್' ಬಂದದ್ದು. ಬೈಗುಳವಾಗಿ ಬಂದದ್ದನ್ನು ಮುಸೊಲಿನಿ ಬಿರುದಿನಂತೆ ತೊಟ್ಟುಕೊಂಡ.

ಇಷ್ಟೊಂದು ಜನ ಒಬ್ಬನ ಮಾತಿಗೆ ಹ್ಞೂಂಗುಟ್ಟುವುದು ಹೇಗೆ? ಹೆದರಿಕೆ ಎಂದುಬಿಡುವುದು ಸುಲಭ. ಆದರೆ ಹೆದರಿಸುವವರೇ ಇಲ್ಲದ ಕಡೆಯೂ ಇದು ನಡೆಯುತ್ತದೆ. ಪ್ರತಿವರ್ಷ ನಾನೊಂದು ಆಟ ಆಡಿಸುತ್ತೇನೆ. ಬೋರ್ಡಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಎ, ಬಿ, ಸಿ ಎಂದು ಮೂರು ಗೆರೆ. ಮೊದಲನೆಯದರಷ್ಟೇ ಉದ್ದದ್ದು ಯಾವುದು? ಉತ್ತರ ಸಿ, ಒಂದನೇ ಕ್ಲಾಸಿನ ಮಗುವೂ ಹೇಳೀತು. ಏಳು ಮಂದಿಗೆ ಮೊದಲೇ ಕಿವಿಯಲ್ಲಿ ಹೇಳಿಟ್ಟಿರುತ್ತೇನೆ, ಎಲ್ಲರೂ 'ಬಿ' ಅನ್ನಿ ಅಂತ. ಎಂಟನೆಯವನಿಗೆ ಮಾತ್ರ ಗುಟ್ಟು ಗೊತ್ತಿಲ್ಲ. ಒಂದು ವರ್ಷ ಆ ಜಾಗದಲ್ಲಿ ಕಾಪುವಿನ ಹುಡುಗನೊಬ್ಬ ಕೂತಿದ್ದ. ಮೂರನೆಯವರು 'ಬಿ' ಎನ್ನುವಾಗ ಕನ್ನಡಕ ತೆಗೆದು ಅಂಗಿಗೆ ಉಜ್ಜಿದ. ಐದನೆಯವರ ಹೊತ್ತಿಗೆ ಡೆಸ್ಕಿನತ್ತ ನೋಡತೊಡಗಿದ. ಸರದಿ ಬಂದಾಗ ಸಣ್ಣ ದನಿಯಲ್ಲಿ 'ಬಿ' ಅಂದ. ಗುಟ್ಟು ಬಿಚ್ಚಿ ಹೇಳಿದ ಮೇಲೆ ನಗುತ್ತಾ ಹೇಳಿದ: "ನನ್ನ ಕಣ್ಣಿಗೇ ಎಂತದೋ ಆಗಿರಬೇಕು ಅಂತ ಎಣಿಸಿದೆ ಸರ್."

ಇದು ಮನಃಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗ. ವಾರ್ಸಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ವಲಸೆ ಹೋದವರು ಆಶ್. ಒಬ್ಬರೇ ಕೂತು ಉತ್ತರಿಸುವಾಗ ನೂರಕ್ಕೆ ಒಂದು ತಪ್ಪೂ ಆಗದ ಪ್ರಶ್ನೆ ಅದು. ಗುಂಪು ಒಕ್ಕೊರಲಿನಿಂದ ಸುಳ್ಳು ಹೇಳಿದಾಗ ಶೇ. 37ರಷ್ಟು ಉತ್ತರಗಳು ಗುಂಪಿನ ದಾರಿ ಹಿಡಿದವು. ಮುಕ್ಕಾಲು ಪಾಲು ಮಂದಿ ಒಮ್ಮೆಯಾದರೂ ಜಾರಿದರು. ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಮನುಷ್ಯನೆಂದರೆ ಕುರಿ ಎಂದು ಷರಾ ಬರೆಯುತ್ತವೆ. ನನಗೆ ಇದು ಅರ್ಧ ಓದು. ಆಶ್ ಮುಂದೆ ಇನ್ನೊಂದು ಮಾಡಿದರು: ಸಾಲಿನಲ್ಲಿ ನಿಜ ಹೇಳುವ ಒಬ್ಬನನ್ನು ಕೂರಿಸಿದರು. ಒಬ್ಬನೇ. ಗುಂಪಿಗೆ ಸೋಲುವುದು ಮೊದಲಿನ ಕಾಲು ಭಾಗಕ್ಕೆ ಇಳಿಯಿತು. ಆ ಜೊತೆಗಾರ ನಡುವೆ ಎದ್ದು ಸುಳ್ಳಿನ ಕಡೆ ಸೇರಿದಾಗ ಮತ್ತೆ ಏರಿತು.

ಭಾಗವತದ ಕಥೆಗಾರನಿಗೆ ಇದು ಗೊತ್ತಿತ್ತೋ ಏನೋ. ಏಳನೆಯ ಸ್ಕಂಧದಲ್ಲಿ, ಗುರುಗಳು ಮನೆಗೆಲಸಕ್ಕೆಂದು ಹೋದ ಹೊತ್ತು ನೋಡಿ ಪ್ರಹ್ಲಾದ ತನ್ನ ಜೊತೆಯ ಹುಡುಗರಿಗೆ ನಾರಾಯಣನ ಮಾತು ಹೇಳುತ್ತಾನೆ. ಹುಡುಗರು ಒಬ್ಬೊಬ್ಬರಾಗಿ ಅತ್ತ ವಾಲುತ್ತಾರೆ. ಅದನ್ನು ಕಂಡ ಗುರುಗಳು ಏನು ಮಾಡಿದರು? ಹೆದರಿ ಓಡಿಹೋಗಿ ರಾಜನಿಗೆ ವರದಿ ಒಪ್ಪಿಸಿದರು.

ಈ ವರದಿ ಒಪ್ಪಿಸುವವರೇ ಇಂಥ ಪ್ರಭುತ್ವದ ನಿಜವಾದ ಆಧಾರಗಂಬ. ಜರ್ಮನಿಯಲ್ಲಿ ನಾಜಿಗಳಿಗೆ 1928ರಲ್ಲಿ ಸಿಕ್ಕಿದ್ದು ಶೇ. 2.6 ಮತ. ಆರ್ಥಿಕ ಕುಸಿತ ಬಂದು 60 ಲಕ್ಷದಷ್ಟು ಜನ ಕೆಲಸ ಕಳೆದುಕೊಂಡರು. 1932ರ ಜುಲೈಯಲ್ಲಿ ಅದೇ ಪಕ್ಷಕ್ಕೆ ಶೇ. 37.3. ಬಹುಮತ ಅಲ್ಲ, ಆದರೂ 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ, ಮಾರನೆಯ ದಿನವೇ ನಾಗರಿಕ ಹಕ್ಕುಗಳ ಅಮಾನತು. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನೇ 444ಕ್ಕೆ 94 ಮತಗಳಿಂದ ಬರೆದುಕೊಟ್ಟಿತು. ಜುಲೈ ಹೊತ್ತಿಗೆ ಉಳಿದದ್ದು ಒಂದೇ ಪಕ್ಷ. ಗದ್ದೆಯಲ್ಲಿ ಒಂದು ಬೆಳೆ ಮುಗಿಯುವಷ್ಟು ಸಮಯ.

ಸಿನಿಮಾ ನೋಡಿದವರು ಬೀದಿಗೊಬ್ಬ ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸ್, ಇದ್ದ ಎಂದುಕೊಳ್ಳುತ್ತಾರೆ. ಕಡತ ಓದಿದ ಇತಿಹಾಸಕಾರರಿಗೆ ಕಂಡದ್ದು ಬೇರೆ. ವುರ್ಟ್ಸ್‌ಬುರ್ಗ್ ನಗರದ ಗೆಸ್ಟಾಪೊ ಕಚೇರಿಯಲ್ಲಿ 1937ರಲ್ಲಿ ಇದ್ದವರು 28 ಮಂದಿ. ಅವರ ಕೈಕೆಳಗಿನ ಪ್ರಾಂತದ ಜನಸಂಖ್ಯೆ ಹತ್ತು ಲಕ್ಷದ ಹತ್ತಿರ. ಮತ್ತೆ ಕೆಲಸ ಸಾಗಿದ್ದು ಹೇಗೆ? ನಮ್ಮೂರಲ್ಲಿ ಅದಕ್ಕೊಂದು ಚೆಂದದ ಪದ ಇದೆ: ಮೂಗರ್ಜಿ. ಬೇಲಿ ಜಗಳ, ಸಾಲದ ಜಗಳ, ಗಂಡ ಹೆಂಡಿರ ಜಗಳ, ಎಲ್ಲವೂ ದೇಶಭಕ್ತಿಯ ಲಕೋಟೆಯಲ್ಲಿ ಪೊಲೀಸರಿಗೆ ತಲುಪುತ್ತಿದ್ದವು. ತೋಟದ ಗಡಿಯಲ್ಲಿ ಬೆಳೆದ ಒಂದು ತೆಂಗಿನ ಮರಕ್ಕೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವರನ್ನು ನೋಡಿ ಬೆಳೆದ ನನಗೆ ಇದನ್ನು ನಂಬಲು ಕಷ್ಟವಾಗಲಿಲ್ಲ.

ಪೂರ್ವ ಜರ್ಮನಿ ಇದನ್ನು ಇಲಾಖೆಯನ್ನಾಗಿಯೇ ಮಾಡಿತು. 1989ರಲ್ಲಿ ಅಲ್ಲಿನ ಗುಪ್ತ ಪೊಲೀಸ್ ಇಲಾಖೆ ಸ್ಟಾಸಿಯ ನೌಕರರು 91,000, ಗುಟ್ಟಿನ ಮಾಹಿತಿದಾರರು ಸುಮಾರು 1,89,000. ದೇಶದ ಜನಸಂಖ್ಯೆ 1.6 ಕೋಟಿ. ಸರಿಸುಮಾರು 60 ಜನರಿಗೊಂದು ಕಿವಿ. ಅವರು ಬಿಟ್ಟುಹೋದ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್, ಮಂಗಳೂರಿನಿಂದ ಉಡುಪಿಗೆ ಹೋಗಿ ತಿರುಗಿ ಬಂದಷ್ಟು. ಮಾಹಿತಿದಾರರು ಹೆಚ್ಚಿದ್ದ ಮತ್ತು ಕಡಿಮೆಯಿದ್ದ ಜಿಲ್ಲೆಗಳನ್ನು ಜರ್ಮನ್ ಅರ್ಥಶಾಸ್ತ್ರಜ್ಞರು ಆಮೇಲೆ ಹೋಲಿಸಿ ನೋಡಿದರು. ಹೆಚ್ಚು ಕಿವಿಗಳಿದ್ದಲ್ಲಿ, ಆ ಸರ್ಕಾರ ಬಿದ್ದು ವರ್ಷಗಳು ಕಳೆದ ಮೇಲೂ, ಜನ ಪರರನ್ನು ನಂಬುವುದು ಕಡಿಮೆ, ಮತ ಹಾಕುವುದು ಕಡಿಮೆ, ಸಂಪಾದನೆಯೂ ಕಡಿಮೆ.

ನಮ್ಮ 1975ರ ತುರ್ತುಪರಿಸ್ಥಿತಿಯನ್ನು ಈ ಸಾಲಿಗೆ ಸೇರಿಸುವವರಿದ್ದಾರೆ. ನಾನು ಸೇರಿಸಲಾರೆ, 21 ತಿಂಗಳಿಗೆ ಅದು ಮುಗಿಯಿತು, ಚುನಾವಣೆಯಲ್ಲಿ ಸೋತವರು ಕುರ್ಚಿ ಬಿಟ್ಟರು. ಆದರೂ ಒಂದು ಮಾತು. ನನ್ನ ತಂದೆಗೆ ಕ್ಷೌರದಂಗಡಿಯಲ್ಲಿ ಕೂತು ನಾಲ್ಕು ಜನರಿಗೆ ಕೇಳುವಂತೆ ಪೇಪರ್ ಓದುವ ಅಭ್ಯಾಸವಿತ್ತು. ಆಗ ಬಿಟ್ಟವರು ಮತ್ತೆ ಶುರು ಮಾಡಲೇ ಇಲ್ಲ.

ಎಲ್ಲರ ಬಾಯಿ ಮುಚ್ಚಿಸಿದವನಿಗೆ ಕಿವಿಯೂ ಕೇಳದಾಗುತ್ತದೆ. ಚೀನಾದಲ್ಲಿ 1958ರಿಂದ ಅಧಿಕಾರಿಗಳು ಪೈಪೋಟಿಗೆ ಬಿದ್ದು ಭತ್ತ, ಗೋಧಿಯ ಇಳುವರಿಯನ್ನು ಕಾಗದದ ಮೇಲೆ ಹಿಗ್ಗಿಸಿದರು. ಸರ್ಕಾರ ಆ ಲೆಕ್ಕದಲ್ಲೇ ತನ್ನ ಪಾಲು ಎತ್ತಿಕೊಂಡಿತು, ರೈತನ ಕಣಜ ಖಾಲಿ. 1959ರ ಜುಲೈಯಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಮಾವೊಗೆ ಪತ್ರ ಬರೆದು ತಪ್ಪು ತೋರಿಸಿದರು. ಹುದ್ದೆ ಹೋಯಿತು. ಮಂತ್ರಿಯ ಗತಿ ಹೀಗಾದ ಮೇಲೆ ಹಳ್ಳಿಯ ಗುಮಾಸ್ತ ನಿಜದ ಅಂಕಿ ಬರೆದಾನೆಯೇ? ಆ ಬರಗಾಲದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ.

ರುಮೇನಿಯಾದ ಚಾಷೆಸ್ಕು 1965ರಿಂದ ಆಳಿದವನು. 1989ರ ಡಿಸೆಂಬರ್ 21ರಂದು ಬುಖಾರೆಸ್ಟಿನ ಚೌಕದಲ್ಲಿ, ಕಾರ್ಖಾನೆಗಳಿಂದ ಕರೆತಂದ ಜನರೆದುರು ಮಾತಾಡುತ್ತಿದ್ದ. ಟಿವಿಯಲ್ಲಿ ನೇರ ಪ್ರಸಾರ. ಗುಂಪಿನ ಹಿಂದೆಲ್ಲೋ ಕೂಗು ಎದ್ದಿತು. ಅವನು ಕೈ ಎತ್ತಿದ, ಫೋನ್ ಕಟ್ಟಾದವನ ಹಾಗೆ "ಅಲೊ, ಅಲೊ" ಅಂದ. ಕೂಗು ನಿಲ್ಲಲಿಲ್ಲ. ಮರುದಿನ ಹೆಲಿಕಾಪ್ಟರಿನಲ್ಲಿ ಓಡಿದ. 25ರಂದು ಗುಂಡಿಗೆ ಬಲಿಯಾದ.

ಅಜ್ಜಿಯ ಪ್ರಶ್ನೆಗೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1978ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಹತ್ತು ಜನ ಇದ್ದಾರೆನ್ನಿ. ಮೊದಲನೆಯವನು ಯಾರಿಲ್ಲದಿದ್ದರೂ ಏಳುವವನು, ಎರಡನೆಯವನು ಒಬ್ಬ ಎದ್ದರೆ ಏಳುವವನು, ಮೂರನೆಯವನು ಇಬ್ಬರೆದ್ದರೆ, ಹೀಗೆ. ಹತ್ತೂ ಜನ ಎದ್ದು ನಿಲ್ಲುತ್ತಾರೆ. ಈಗ ಎರಡನೆಯವನೊಬ್ಬನೇ ಸ್ವಲ್ಪ ಪುಕ್ಕಲನಾಗಿ 'ಇಬ್ಬರೆದ್ದರೆ ಏಳುತ್ತೇನೆ' ಅಂದುಕೊಂಡ ಎನ್ನಿ. ಎದ್ದವನು ಒಬ್ಬನೇ, ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಹೊರಗಿನಿಂದ ನೋಡುವವನಿಗೆ ಎರಡೂ ಗುಂಪು ಒಂದೇ ಥರ, ತಲೆಯಾಡಿಸುವ ಗುಂಪು. ಮನಸ್ಸು ಒಂದು, ಮಾತು ಇನ್ನೊಂದು ಎಂದು ಎಲ್ಲರೂ ಬದುಕುವ ದೇಶದಲ್ಲಿ ಯಾವ ದಿನ ಯಾರು ಏಳುತ್ತಾರೆಂದು ಅರಸನಿಗೂ ತಿಳಿಯದು, ಆಳುಗಳಿಗೂ ತಿಳಿಯದು ಎಂದು ಅರ್ಥಶಾಸ್ತ್ರಜ್ಞ ತಿಮುರ್ ಕುರಾನ್ ಇದೇ ಲೆಕ್ಕವನ್ನು 1989ರ ಪೂರ್ವ ಯುರೋಪಿನ ದಂಗೆಗಳಿಗೆ ಹಚ್ಚಿ ತೋರಿಸಿದರು.

ಬಯಲಾಟದಲ್ಲಿ ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ. ಮೂಡಣದಲ್ಲಿ ಬೆಳಕು ಸಣ್ಣಗೆ ಹರಡುತ್ತಿತ್ತು, ಚೆಂಡೆಯ ಪೆಟ್ಟು ಬದಲಾಯಿತು. ಅಜ್ಜಿ ಎಲೆಯಡಿಕೆ ಉಗಿದು ಬಂದು ಚಾಪೆಯ ಮೇಲಿನ ಮೊಮ್ಮಗನನ್ನು ಅಲುಗಿಸಿದರು. "ಏಳು ಮಗಾ, ಈಗ ಕಂಬ ಒಡೀತದೆ."