ಸೆಡ್ ಯಾಕೆ ಫೈಲನ್ನು ಮುಟ್ಟುವುದಿಲ್ಲ?

ಒಂದು ರಾಶಿ ಫೈಲುಗಳಲ್ಲಿ ಹಳೇ ಸರ್ವರಿನ ಹೆಸರು ತೆಗೆದು ಹೊಸದು ಹಾಕಬೇಕು. ಯಾರನ್ನು ಕೇಳಿದರೂ 'ಸೆಡ್ ಬಳಸಿ' ಅನ್ನುತ್ತಾರೆ. ಸೆಡ್ (sed) ಎಂದರೆ ಪಠ್ಯದಲ್ಲಿ ಪದ ಹುಡುಕಿ ಬದಲಿಸುವ, ಆಜ್ಞೆ ಟೈಪಿಸಿ ನಡೆಸುವ ಪುಟ್ಟ ಪ್ರೋಗ್ರಾಂ. ಆಜ್ಞೆ ಕೊಟ್ಟರೆ ಸರಿಯಾದ ಸಾಲುಗಳು ಪರದೆಯ ಮೇಲೆ ಓಡುತ್ತವೆ. ಫೈಲ್ ತೆರೆದರೆ ಹಳೇ ಹೆಸರು ಹಾಗೇ ಇರುತ್ತದೆ! ಇದು ದೋಷವಲ್ಲ, ಸೆಡ್ ಹುಟ್ಟಿದ್ದೇ ಹಾಗೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಇಡಿ (ed) ಎಂಬ ಎಡಿಟರ್ ಬರೆದರು (ದಾಳಿ ಮಾಡುವ ಇಡಿ ಅಲ್ಲ). ಟೆಲಿಟೈಪ್ ಎಂಬ ಟೈಪ್‌ರೈಟರಿನಂಥ ಯಂತ್ರ ಒಂದೊಂದೇ ಅಕ್ಷರವನ್ನು ಕಾಗದದ ಮೇಲೆ ಕುಟ್ಟುತ್ತಿದ್ದ ಕಾಲ ಅದು. ಆಜ್ಞೆ ಚಿಕ್ಕದಾದಷ್ಟೂ ಒಳ್ಳೆಯದು. ಹಳೆಯದನ್ನು ತೆಗೆದು ಹೊಸದು ಹಾಕಲು ನಾವು ಇಂದಿಗೂ ಬರೆಯುವ ಎಸ್/ಹಳೆ/ಹೊಸ/ ಆಜ್ಞೆ ಇಡಿಯಲ್ಲೂ ಇತ್ತು.

ಬೆಲ್ ಲ್ಯಾಬ್ಸ್‌ನಲ್ಲೇ ಇದ್ದ ಲೀ ಮ್ಯಾಕ್‌ಮಹನ್ ಅವರಿಗೆ ಫೆಡರಲಿಸ್ಟ್ ಪೇಪರ್ಸ್ ಎಂಬ 18ನೇ ಶತಮಾನದ ಅಮೆರಿಕನ್ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರು ಎಂದು ಪತ್ತೆ ಮಾಡಬೇಕಿತ್ತು. ಆ ಪಠ್ಯ ಇಡಿಯ ಹೊಟ್ಟೆಗೆ ಹಿಡಿಸಲಿಲ್ಲ. ಥಾಂಪ್ಸನ್ ಇಡಿಯಿಂದ ಹುಡುಕುವ ಭಾಗವನ್ನಷ್ಟೇ ಕಿತ್ತು ಗ್ರೆಪ್ (grep) ಎಂಬ ಬೇರೆ ಪ್ರೋಗ್ರಾಂ ಮಾಡಿದರು. ಬದಲಿಸುವ ಕೆಲಸಕ್ಕೆ ಮ್ಯಾಕ್‌ಮಹನ್ ತಾವೇ 1973–74ರ ಸುಮಾರಿಗೆ ಸೆಡ್ ಬರೆದರು. ಒಂದು ಸಾಲು ಓದು, ಬದಲಿಸು, ಹೊರಗೆ ಕೊಡು, ಮರೆತುಬಿಡು. ಇಷ್ಟೇ ಅದರ ಕೆಲಸ. ಹೀಗಾಗಿ ಫೈಲ್ ಎಷ್ಟು ದೊಡ್ಡದಿದ್ದರೂ ಮೆಮೊರಿಯ ಚಿಂತೆ ಇಲ್ಲ. ಮೂಲ ಫೈಲಿಗೆ ಕೈ ಹಾಕುವ ಮಾತೂ ಇಲ್ಲ.

ಜನ ಸುಮ್ನಿರುತ್ತಾರಾ? ಹೊರಬಂದದ್ದನ್ನು > ಚಿಹ್ನೆ ಹಾಕಿ ಅದೇ ಫೈಲಿಗೆ ತಿರುಗಿಸಿದರು. ಆದರೆ ಸೆಡ್ ಶುರುವಾಗುವ ಮೊದಲೇ ಶೆಲ್ (ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಆ ಫೈಲನ್ನು ಖಾಲಿ ಮಾಡಿರುತ್ತದೆ. ಉಳಿಯುವುದು ಸೊನ್ನೆ ಬೈಟ್.

2002ರಲ್ಲಿ ಬಂದ ಗ್ನೂ ಸೆಡ್ (ಲಿನಕ್ಸ್‌ನಲ್ಲಿ ಸಿಗುವ ಸೆಡ್) 4.0ರ ಹೊತ್ತಿಗೆ ಬದಲಾವಣೆಯನ್ನು ಅದೇ ಫೈಲಿಗೆ ಉಳಿಸುವ -ಐ (-i) ಆಯ್ಕೆ ಸಿಕ್ಕಿತು. ಅದೂ ಮೂಲವನ್ನು ನೇರವಾಗಿ ತಿದ್ದುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಬರೆದು, ಕೊನೆಗೆ ಅದಕ್ಕೇ ಹಳೇ ಹೆಸರಿಡುತ್ತದೆ. ಮ್ಯಾಕ್‌ನಲ್ಲಿ ಇನ್ನೊಂದು ತಲೆನೋವು. ಅಲ್ಲಿರುವುದು ಬಿಎಸ್‌ಡಿ ಎಂಬ ಯುನಿಕ್ಸ್ ಕವಲಿನ ಸೆಡ್, ಅದಕ್ಕೆ -ಐ ಜೊತೆ ಬ್ಯಾಕಪ್ ಫೈಲಿನ ಹೆಸರಿಗೆ ಅಂಟಿಸುವ ಬಾಲ ಕೊಡಲೇಬೇಕು. ಕೊಡದಿದ್ದರೆ ನಿಮ್ಮ ಎಸ್/ಹಳೆ/ಹೊಸ/ ಅನ್ನೇ ಬಾಲ ಅಂದುಕೊಂಡು, ಫೈಲಿನ ಹೆಸರನ್ನು ಆಜ್ಞೆಯೆಂದು ಓದಲು ಹೋಗಿ ಬೈಯುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಲ್ಲ ಸಾಮಾನ್ಯವಾದ ಪೋಸಿಕ್ಸ್ ಮಾನದಂಡದಲ್ಲಿ -ಐ ಇಲ್ಲ, ಆದ್ದರಿಂದ ಯಾರದು ಸರಿ ಎಂದು ಜಗಳವಾಡಿ ಪ್ರಯೋಜನವಿಲ್ಲ. ಜಾಗ ಬಿಡದೆ -ಐ.ಬ್ಯಾಕ್ (-i.bak) ಎಂದು ಬರೆದರೆ ಎರಡೂ ಕಡೆ ನಡೆಯುತ್ತದೆ, ಹಳೇ ಪ್ರತಿಯೂ ಪಕ್ಕದಲ್ಲೇ ಉಳಿಯುತ್ತದೆ.