ರಸ್ಟ್‌ನ ಲೈಫ್‌ಟೈಮ್ ಎರರ್: ಮೊದಲು ಮಾಲೀಕ ಯಾರೆಂದು ನೋಡಿ

ರಸ್ಟ್ ಪ್ರೋಗ್ರಾಮಿಂಗ್ ಭಾಷೆ ಕಲಿಯತೊಡಗಿದಾಗ, ರೆಫರೆನ್ಸ್ (ಮೌಲ್ಯವನ್ನು ತನ್ನದಾಗಿಸಿಕೊಳ್ಳದೆ ತೋರಿಸುವ ಕೊಂಡಿ) ಎಷ್ಟು ಕಾಲ ಸಲ್ಲುತ್ತದೆ ಎಂಬುದರ ಬಗ್ಗೆ ದೂರುವ ಲೈಫ್‌ಟೈಮ್ ಎರರ್ ಕಂಡಲ್ಲೆಲ್ಲ ನಾನು 'a ಎಂಬಂಥ ಲೈಫ್‌ಟೈಮ್ ಗುರುತು ಹಾಕುತ್ತಾ ಹೋಗುತ್ತಿದ್ದೆ. ಒಂದು ಕಡೆ ಹೋದ ಎರರ್ ಇನ್ನೊಂದು ಕಡೆ ಏಳುತ್ತಿತ್ತು. ಆ ಗುರುತಿನಿಂದ ಯಾವ ಮೌಲ್ಯದ ಆಯಸ್ಸೂ ಹೆಚ್ಚುವುದಿಲ್ಲ; ಮೌಲ್ಯ ಅದರ ಮಾಲೀಕ, ಅಂದರೆ ಅದನ್ನು ಇಟ್ಟುಕೊಂಡ ವೇರಿಯಬಲ್, ಇರುವವರೆಗಷ್ಟೇ ಇರುತ್ತದೆ. ಯಾವ ರೆಫರೆನ್ಸ್ ಯಾವುದನ್ನು ನಂಬಿಕೊಂಡಿದೆ ಎಂದಷ್ಟೇ ಗುರುತು ಹೇಳುತ್ತದೆ.

ಒಂದು ಫಂಕ್ಷನ್ ಇದೆ ಎನ್ನಿ. ಅದಕ್ಕೆ ಒಂದು ಸಾಲು, ಒಂದು ಪದ ಕೊಡುತ್ತೇವೆ, ಎರಡೂ ರೆಫರೆನ್ಸ್‌ಗಳೇ. ಸಾಲಿನಲ್ಲಿ ಆ ಪದದ ನಂತರ ಉಳಿದ ಭಾಗವನ್ನು ಅದು ಹಿಂದಿರುಗಿಸಬೇಕು. ಗುರುತಿಲ್ಲದೆ ಬರೆದರೆ ಲೈಫ್‌ಟೈಮ್ ಗುರುತು ಬೇಕು ಎನ್ನುವ ಎರರ್ ಇ0106 (E0106) ಬರುತ್ತದೆ. ಇನ್‌ಪುಟ್ ರೆಫರೆನ್ಸ್ ಒಂದೇ ಆಗಿದ್ದರೆ ಕಂಪೈಲರ್ ತಾನೇ ಅರ್ಥಮಾಡಿಕೊಳ್ಳುತ್ತಿತ್ತು. ಎರಡಿದ್ದಾಗ ಉತ್ತರ ಯಾವುದರ ತುಂಡು ಎಂದು ಅದಕ್ಕೆ ತಿಳಿಯದು, ಏಕೆಂದರೆ ಇದಕ್ಕಾಗಿ ಅದು ಫಂಕ್ಷನ್‌ನ ಸಿಗ್ನೇಚರ್ (ಹೆಸರು, ಇನ್‌ಪುಟ್, ಉತ್ತರದ ಬಗೆ ಹೇಳುವ ಮೊದಲ ಸಾಲು) ಓದುತ್ತದೆಯೇ ಹೊರತು ಒಳಗಿನ ಕೋಡ್ ಅಲ್ಲ.

ಇಲ್ಲಿ ಸಾಲು, ಪದ, ಉತ್ತರ ಮೂರಕ್ಕೂ ಒಂದೇ ಗುರುತು ಹಾಕಿದರೆ ಕಂಪೈಲ್ ಆಗಿಬಿಡುತ್ತದೆ. ಅಲ್ಲೇ ಇರುವುದು ತೊಡಕು. ಉತ್ತರ ಪದದಿಂದಲೂ ಬಂದಿರಬಹುದು ಎಂದು ನಾವು ಬರೆದುಕೊಟ್ಟಂತಾಯಿತು. ಮುಂದೆ ಯಾರೋ ಪದವನ್ನು ಒಳಗಿನ ಬ್ಲಾಕ್‌ನಲ್ಲಿ ಸ್ಟ್ರಿಂಗ್ ಆಗಿ ಕಟ್ಟಿ, ಉತ್ತರವನ್ನು ಬ್ಲಾಕ್‌ನ ಆಚೆ ಬಳಸಿದರೆ ಇ0597: ಪದ ಸಾಕಷ್ಟು ಕಾಲ ಬದುಕಿಲ್ಲ ಎಂಬ ದೂರು. ತಪ್ಪು ಅವರ ಕೋಡ್‌ನಲ್ಲಿಲ್ಲ, ನಮ್ಮ ಸಿಗ್ನೇಚರ್‌ನಲ್ಲಿದೆ. ಗುರುತನ್ನು ಸಾಲಿಗೂ ಉತ್ತರಕ್ಕೂ ಮಾತ್ರ ಉಳಿಸಿ, ಪದದ ಮೇಲಿನದನ್ನು ತೆಗೆದರೆ ಎರಡೂ ಕಡೆ ಸರಿಹೋಗುತ್ತದೆ.

ಫಂಕ್ಷನ್ ಒಳಗಿನ ಮೌಲ್ಯದ ರೆಫರೆನ್ಸ್ ಹಿಂದಿರುಗಿಸಿದಾಗ ಬರುವ ಇ0515ಕ್ಕೆ ಗುರುತು ಮದ್ದಲ್ಲ. ಫಂಕ್ಷನ್ ಒಳಗೇ ಹುಟ್ಟಿದ ಸ್ಟ್ರಿಂಗ್ ಫಂಕ್ಷನ್ ಮುಗಿದಾಗ ಡ್ರಾಪ್ ಆಗುತ್ತದೆ, ಅಂದರೆ ಅಳಿಸಿಹೋಗುತ್ತದೆ. ಅದರ ರೆಫರೆನ್ಸ್ ಬದಲು ಸ್ಟ್ರಿಂಗನ್ನೇ ಹಿಂದಿರುಗಿಸಿ. ಇ0716 ಬಂದರೆ, ಹೆಸರಿಲ್ಲದ ತಾತ್ಕಾಲಿಕ ಮೌಲ್ಯ ಆ ಸಾಲಿನ ಕೊನೆಗೇ ಹೋಗಿದೆ ಎಂದರ್ಥ. ಅದನ್ನು ಮೊದಲು ಒಂದು ವೇರಿಯಬಲ್‌ನಲ್ಲಿಟ್ಟು ಆಮೇಲೆ ರೆಫರೆನ್ಸ್ ತೆಗೆದುಕೊಳ್ಳಿ.

ಹಳೆಯ ಪಾಠಗಳಲ್ಲಿ, ಎರವಲು (ರೆಫರೆನ್ಸ್ ತೆಗೆದುಕೊಂಡು ಮೌಲ್ಯವನ್ನು ಬಳಸುವುದು) ಬ್ಲಾಕ್ ಮುಗಿಯುವವರೆಗೂ ಇರುತ್ತದೆ ಎಂದು ಓದಿರಬಹುದು. 2018ರ ಆವೃತ್ತಿಯಿಂದ ಸಾಮಾನ್ಯ ರೆಫರೆನ್ಸ್‌ನ ಎರವಲು ಅದರ ಕೊನೆಯ ಬಳಕೆಗೇ ಮುಗಿಯುತ್ತದೆ. ಹಾಗಾಗಿ ಎರವಲಿನಲ್ಲಿರುವ ಮೌಲ್ಯವನ್ನು ಮೂವ್ ಮಾಡಿದಾಗ (ಬೇರೆ ಮಾಲೀಕನಿಗೆ ಒಪ್ಪಿಸಿದಾಗ) ಬರುವ ಇ0505 ಕೆಲವೊಮ್ಮೆ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದರೆ ಸಾಕು, ಹೋಗುತ್ತದೆ.

ಇನ್‌ಪುಟ್ ರೆಫರೆನ್ಸ್ ಒಂದೂ ಇಲ್ಲದೆ ರೆಫರೆನ್ಸ್ ಹಿಂದಿರುಗಿಸಹೊರಟರೆ ಕಂಪೈಲರ್ ಸ್ಟ್ಯಾಟಿಕ್ ('static) ಎಂಬ ಲೈಫ್‌ಟೈಮ್ ಗುರುತು ಬಳಸಿ ನೋಡಿ ಎಂದು ಸೂಚಿಸುವುದುಂಟು. ಉತ್ತರ ಕೋಡ್‌ನಲ್ಲೇ ಬರೆದ ಸ್ಟ್ರಿಂಗ್ ಲಿಟರಲ್ ಆಗಿದ್ದರೆ ಆ ಮಾತು ಕೇಳಿ, ಅದು ಪ್ರೋಗ್ರಾಂ ಓಡುವಷ್ಟು ಕಾಲವೂ ಇರುತ್ತದೆ. ಅಲ್ಲೇ ಕಟ್ಟಿದ ಸ್ಟ್ರಿಂಗ್ ಆಗಿದ್ದರೆ ಬೇಡ. ಇ0106 ಹೋಗಿ ಇ0515 ಬರುತ್ತದೆ.